ಉದ್ರಿ ಖಾತೆ

ತಲ್ಲೂರ ಗುರುಪಾದನ ಹೆಸರಿಗೆ
ನನ್ನ ಪುಸ್ತಕದಾಗ ಹನ್ನೊಂದು ಹಾಳಿ ಅದಾವು.
ಮೊದಲನೇದು: ಒಂದು ಮೈಕು, ಒಂದು ಭೋಂಗಾ, ಬ್ಯಾಟರಿ,
ಶಹಾಪುರ ಕೋರೆ ಗಲ್ಲಿ, ಸಂಜಿ ಐದಕ್ಕ.
ರೂಪಾಯಿ ನಲವತ್ತು. ಉದ್ರಿ.

ಆವಾಗ ಅವಾ ನೇಕಾರ ಸೊಸಾಯಿಟಿ ಗುಮಾಸ್ತ,
ಬೆರಳಿಗೆ ಇನ್ನೂ ಶಾಯಿ.
ಬೆಂಚಿನ ಮ್ಯಾಲ ನಿಂತರ ಮೊಳಕಾಲು ನಡಗತಿದ್ದವು,
ಕೆಳಗ ವಾಯರ್ ಹಿಡಕೊಂಡು ಕುಂತ ನನಗಷ್ಟ ಕಾಣೂದು.
ಮೈಕು ನುಂಗಬ್ಯಾಡ ಅಣ್ಣಾ, ಒಂದು ಗೇಣು ದೂರ ಹಿಡಿ ಅಂದೆ.
ಹಿಡದ.
ಊರು ಅವನ ದನಿ ಮೊದಲ ಕೇಳಿದ್ದು ಆ ಗೇಣಿನಿಂದ.

ಎರಡು, ಮೂರು:
ಖಡೇಬಜಾರದ ಬೋರ್ಡಿಗೆಲ್ಲ ಡಾಂಬರು ಬಳದ ವರ್ಷ.
ಹೊರಗ ಅಂಗಡಿ ಹೆಸರು ಕರ್ರಗಾದವು,
ಒಳಗ ಅದ ತಕ್ಕಡಿ, ಅದ ಗಿರಾಕಿ,
ಎರಡೂ ಭಾಷಾ ಕಲಸಿದ ಅದ ಚೌಕಾಸಿ.
ಹಿಂಡಲಗಾ ಜೈಲಿನ ಬಾಗಿಲಿಗೆ ಹಾರ ಒಯ್ದವರಿಗೆ
ರಿಕ್ಷಾದ ನೆತ್ತಿಗೆ ಭೋಂಗಾ ಕಟ್ಟಿಕೊಟ್ಟೆ.
ಇಪ್ಪತ್ತೊಂದು ದಿವಸಕ್ಕ ತೆಳ್ಳಗಾಗಿ ಬಂದ,
ದನಿ ಮಾತ್ರ ದಪ್ಪಾಗಿತ್ತು.

ಆಮ್ಯಾಲ ಸಂಘಟನಾ ಒಡೀತು,
ಒಡದದ್ದು ಮತ್ತ ಒಡೀತು.
ಗಡಿ ಪಡೆ. ನಿಜ ಗಡಿ ಪಡೆ. ಮೂಲ ನಿಜ ಗಡಿ ಪಡೆ.
ಪೇಂಟರ್ ಪುಂಡಲೀಕ ಅಕ್ಷರ ಸಣ್ಣ ಮಾಡ್ಕೋತ ಹೋದ,
ಬ್ಯಾನರಿನ ಬಟ್ಟಿ ಅಷ್ಟ ಇತ್ತಲ್ಲ.

ಆರನೇ ಹಾಳಿಯಾಗ ದುಡ್ಡು ಬರದಿಲ್ಲ.
ಆ ರಾತ್ರಿ ಅನಗೋಳ ನಾಕಾದಾಗ
ಅವಾ ಭಾಷಣ ಮುಗಿಸಿದ್ದು ಒಂಬತ್ತೂ ಹತ್ತಕ್ಕ.
ಕೊಲ್ಲಾಪುರ ನಂಬರಿನ ಲಾರಿಗೆ ಬೆಂಕಿ ಹತ್ತಿದ್ದು ಒಂಬತ್ತೂ ಇಪ್ಪತ್ತಕ್ಕ.
ನಡುವಿನ ಹತ್ತು ನಿಮಿಷ
ನಾನು ವಾಯರ್ ಸುತ್ತಕೋತ ಇದ್ದೆ.
ಕ್ಲೀನರ್ ಹುಡುಗ ಕ್ಯಾಬಿನ್ನಿನಾಗ ಮಲಗಿದ್ದ.
ಕೊಲ್ಲಾಪುರದವಾ ಅಲ್ಲ, ಇಲ್ಲೇ ಕಡೋಲಿಯವಾ. ಯಲ್ಲೋಜಿ.
ಅವನಿಗೆ ಕನ್ನಡ ಎಷ್ಟು ಬರತಿತ್ತು, ಮರಾಠಿ ಎಷ್ಟು,
ಕೋರ್ಟಿನಾಗ ಯಾರೂ ಕೇಳಲಿಲ್ಲ.
ನನ್ನ ಕೇಳಿದರು:
"ಸುಡ್ರಿ" ಅಂದನೋ, "ಸುಡಬೇಕಾದೀತು" ಅಂದನೋ,
"ಸುಟ್ಟರ ತಪ್ಪೇನು" ಅಂದನೋ?
ಗದ್ದಲಿತ್ತು ಸಾಹೇಬ್ರ, ಎಕೋ ಹೊಡೀತಿತ್ತು,
ತಿಳೀಲಿಲ್ಲ ಅಂದೆ.

ನನ್ನ ಮಿಶಿನ್ನು ಎಂದೂ ಎಕೋ ಹೊಡದಿಲ್ಲ.

ಖುಲಾಸೆ ಆತು. ಮೆರವಣಿಗಿ ಆತು.
ಗುಲಾಲು ಆಂಪ್ಲಿಫಾಯರಿನ ಒಳಗ ಹೊಕ್ಕು
ಮೂರು ತಿಂಗಳ ಗುರ್ ಗುರ್ ಅಂತಿತ್ತು.
ಪಾಲಿಕೆಗೆ ಆರಿಸಿ ಬಂದ.
ಮೇಯರ್ ಆಗಾಕ ಮೂರು ಓಟು ಕಡಿಮಿ ಬಿದ್ದಾಗ
ಯಾರ ಬೋರ್ಡಿಗೆ ಡಾಂಬರು ಬಳದಿದ್ದನೋ
ಅವರ ಮನಿಗೇ ಕುಂದಾ ಡಬ್ಬಿ ಹಿಡಕೊಂಡು ಹೋದ.
ಒಳಗ ಯಾವ ಭಾಷೆಯಾಗ ಮಾತಾಡಿದರು
ಅನ್ನೂದು ಡ್ರೈವರಗೆ ಗೊತ್ತು, ಡ್ರೈವರ್ ಹೇಳೂದಿಲ್ಲ.
ಮರುದಿನ ಚನ್ನಮ್ಮ ಸರ್ಕಲಿನಾಗ ಮತ್ತ ಮೈಕು:
"ಗೇಣು ನೆಲಾನೂ ಬಿಡೂದಿಲ್ಲ!"
ಅಷ್ಟೊತ್ತಿಗೆ ಟಿಳಕವಾಡಿಯಾಗ ಅವನವು ಆರು ಪ್ಲಾಟು.

ಏಳರಿಂದ ಹನ್ನೊಂದು ಬ್ಯಾಡ.
ಶಾಲು, ಹಾರ, ಕಟೌಟು, ಮಂಡಳಿ ಅಧ್ಯಕ್ಷಗಿರಿ.
ದೊಡ್ಡ ಸೌಂಡು ಹುಬ್ಬಳ್ಳಿಯಿಂದ ಬರತಿತ್ತು,
ನನಗ ಪಾರ್ಕಿಂಗ್ ಕಡಿನ ಎರಡು ಬಾಕ್ಸು.

ಹೋದ ತಿಂಗಳ ಅಂಗಡಿಗೆ ಬಂದಿದ್ದ.
ಗಂಟಲಿಗೆ ಆಪರೇಶನ್. ಬಾಯಿ ತಗದರ ಬರೇ ಗಾಳಿ.
ಚೀಟಿಯಾಗ ಬರದು ತೋರಿಸಿದ,
ಗುಮಾಸ್ತನ ಅಕ್ಷರ, ಇನ್ನೂ ದುಂಡಗ:
"ಅನಗೋಳದ ಕ್ಯಾಸೆಟ್ ಐತೇನು, ದಸ್ತಗೀರ?"
ಯಾಕ ಅಂತ ಬರೀಲಿಲ್ಲ.
ಕೇಳಾಕೋ, ಸುಡಾಕೋ,
ಮೊಮ್ಮಗನಿಗೆ ಕೊಡಾಕೋ. ಆ ಹುಡುಗ ಈಗ
ಮೊಬೈಲ್ ಎತ್ತಿ ಹಿಡಕೊಂಡು ಅದ ಭಾಷಣ ಮಾಡತಾನ.
ಇಲ್ಲ ಅಂದೆ.
ಸ್ಟೂಲು, ಅದರ ಕೆಳಗ ಟ್ರಂಕು,
ಆ ಟ್ರಂಕಿನ ಮ್ಯಾಲೇ ಕುಂತಿದ್ದೆ ನಾನು.

ಕಿಸೆದಿಂದ ನಲವತ್ತು ರೂಪಾಯಿ ತಗದಿಟ್ಟ.
ಮೊದಲ ಹಾಳಿದು. ನೆನಪಿತ್ತು ಅವಗ.
ಅವನ ಮುಂದನ ಹೊಡದು ಹಾಕಿದೆ.

ಆರನೇದು ಹಂಗ ಐತಿ.
ಕಡೋಲಿಗೆ ಎರಡು ಸಲ ಹೋಗಿ ಬಂದೇನಿ,
ಬಸ್ ಸ್ಟ್ಯಾಂಡಿನ ತನಕ.